ಮೂಳೆಯೂ ಲೆಕ್ಕ ಹೇಳುತ್ತದೆ

ಬೇಸಿಗೆ ಬಂತು. ಕೆರೆ ಒಣಗಿತು. ಶೆಟ್ಟಿಕೆರೆ ಸೀಮೆಯಲ್ಲಿ ತೆಂಗಿನ ತೋಟಕ್ಕೆ ಕೆರೆಗೋಡು ಹೊಡೆಯುವ ಕಾಲ. ಗೋಡು ಅಗೆಯುತ್ತಿದ್ದೇವೆ ಅಂದುಕೊಳ್ಳಿ. ಗುದ್ದಲಿಗೆ ಏನೋ ತಾಗಿತು. ಕಲ್ಲು ಅಂತ ಕೈಗೆ ತೆಗೆದುಕೊಂಡರೆ ಅದು ಕಲ್ಲಲ್ಲ. ಒಂದು ಮೂಳೆ. ದನದ ಕಾಲಿನ ಮೂಳೆ.

ನಾವು ಏನು ಮಾಡ್ತೀವಿ? ಬದಿಗೆ ಎಸೀತೀವಿ. ಮತ್ತೆ ಅಗೆಯೋದಕ್ಕೆ ಶುರು ಮಾಡ್ತೀವಿ.

ಆದರೆ ಆ ಮೂಳೆಯನ್ನು ಎಸೆಯದೆ ಅಳೆಯುವ ಜನರೂ ಇದ್ದಾರೆ. ಅದು ಎಷ್ಟು ಉದ್ದ, ಎಷ್ಟು ಅಗಲ ಅಂತ ಬರೆದುಕೊಳ್ಳುತ್ತಾರೆ. ಆ ಲೆಕ್ಕದಿಂದ ದನ ಎಷ್ಟು ಎತ್ತರ ಇತ್ತು ಅಂತ ಹೇಳುತ್ತಾರೆ. ಹಸುವೋ ಗೂಳಿಯೋ ಎತ್ತೋ ಅಂತ ಊಹಿಸುತ್ತಾರೆ. ಒಂದು ತಳಿಗೂ ಇನ್ನೊಂದು ತಳಿಗೂ ಏನು ವ್ಯತ್ಯಾಸ ಅಂತ ಹುಡುಕುತ್ತಾರೆ.

ಕಲಿಕಾ ಕೇಂದ್ರದಲ್ಲಿ ಈ ಮಾತು ಬಂದರೆ ಹಿರಿಯರು ಸುಮ್ಮನೆ ಬಿಡುತ್ತಾರೆಯೇ?

“ಅಲ್ಲ ಮೇಷ್ಟ್ರೇ, ಬದುಕಿರೋ ದನಕ್ಕೇ ಮೇವಿಲ್ಲ. ಸತ್ತ ದನದ ಮೂಳೆ ಅಳೆದು ಏನ್ ಮಾಡೋದು?”

ಕೇಳಬೇಕಾದ ಪ್ರಶ್ನೆಯೇ. ಈ ಪಾಠದಲ್ಲಿ ಅದಕ್ಕೆ ಉತ್ತರ ಹುಡುಕೋಣ.

ಅಳತೆ ನಮಗೆ ಹೊಸದಲ್ಲ

ದನದ ಜಾತ್ರೆಗೆ ಹೋಗ್ತೀವಿ. ತುಮಕೂರಿನ ಹತ್ತಿರ ಸಿದ್ಧಗಂಗೆಯಲ್ಲಿ ಶಿವರಾತ್ರಿ ಹೊತ್ತಿಗೆ ದನದ ಜಾತ್ರೆ ಸೇರುತ್ತದೆ. ಅಲ್ಲಿ ಒಂದು ಜೊತೆ ಹೋರಿ ಕೊಳ್ಳಬೇಕು. ಮೊದಲು ಏನು ನೋಡ್ತೀವಿ? ಬಾಯಿ ಬಿಡಿಸಿ ಹಲ್ಲು ನೋಡ್ತೀವಿ. ಕೊಂಬು ನೋಡ್ತೀವಿ. ಸುಳಿ ನೋಡ್ತೀವಿ. ಕಾಲು ನೆಟ್ಟಗಿದೆಯೇ ಅಂತ ನಡೆಸಿ ನೋಡ್ತೀವಿ. ಜೋಡಿ ಸಮ ಇದೆಯೇ ಅಂತ ಅಕ್ಕಪಕ್ಕ ನಿಲ್ಲಿಸಿ ನೋಡ್ತೀವಿ. ಒಂದು ಹೋರಿ ಎರಡು ಬೆರಳು ತಗ್ಗಿದ್ದರೂ ನಮ್ಮ ಹಿರಿಯರ ಕಣ್ಣಿಗೆ ಬೀಳುತ್ತದೆ.

ಇದೂ ಅಳತೆಯೇ. ಕಣ್ಣಿನ ಅಳತೆ.

ಕಣ್ಣಿನ ಅಳತೆ ಒಳ್ಳೆಯದು. ಆದರೆ ಅದಕ್ಕೆ ಒಂದು ಕೊರತೆ ಇದೆ. ಅದು ಆ ಮನುಷ್ಯನ ಜೊತೆಗೇ ಹೋಗುತ್ತದೆ. ಅಜ್ಜನ ಕಣ್ಣಿನಲ್ಲಿದ್ದ ಲೆಕ್ಕ ಮೊಮ್ಮಗನಿಗೆ ಸಿಗುವುದಿಲ್ಲ. ಗೇಣು, ಮೊಳವೂ ಹಾಗೆಯೇ. ನಿಮ್ಮ ಗೇಣು ಬೇರೆ, ನಮ್ಮ ಗೇಣು ಬೇರೆ.

ಅಳತೆಪಟ್ಟಿ ಹಿಡಿದು, ಅಂಕಿಯಲ್ಲಿ ಬರೆದಿಟ್ಟರೆ? ಆ ಲೆಕ್ಕ ಉಳಿಯುತ್ತದೆ. ಶೆಟ್ಟಿಕೆರೆಯಲ್ಲಿ ಬರೆದದ್ದನ್ನು ಧಾರವಾಡದವರು ಓದಬಹುದು. ಇವತ್ತು ಬರೆದದ್ದನ್ನು ನೂರು ವರ್ಷದ ಮೇಲೂ ಓದಬಹುದು.

ನಮ್ಮ ಸೀಮೆಯ ದನಗಳು

ನಮ್ಮ ಭಾಗದ ಹೆಸರಾದ ತಳಿಗಳು ಎರಡು. ಒಂದು ಹಳ್ಳಿಕಾರ್. ಇನ್ನೊಂದು ಅಮೃತಮಹಲ್.

ಎರಡೂ ದುಡಿಮೆಯ ತಳಿ. ಹಾಲು ಕಡಿಮೆ, ಕಸುವು ಜಾಸ್ತಿ. ಮುಖ ನೀಳ. ಹಣೆ ಸ್ವಲ್ಪ ಉಬ್ಬು. ಹಣೆಯ ನಡುವೆ ಒಂದು ಗೀರು. ಎರಡು ಕೊಂಬುಗಳ ಬುಡ ಹತ್ತಿರ ಹತ್ತಿರ. ಕೊಂಬು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಾಗುತ್ತದೆ. ತುದಿ ಚೂಪು. ಕಾಲು ಸಣ್ಣ, ಆದರೆ ಗಟ್ಟಿ. 2000ನೇ ಇಸವಿಯಲ್ಲಿ ಭಾರತದ ಅಂಚೆ ಇಲಾಖೆ ಹಳ್ಳಿಕಾರ್ ದನದ ಚಿತ್ರ ಇರುವ ಅಂಚೆಚೀಟಿಯನ್ನೇ ಹೊರಡಿಸಿತು.

ಅಮೃತಮಹಲ್ ದನಗಳಿಗೆ ದೊಡ್ಡ ಚರಿತ್ರೆ ಇದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ ಒಂದು ಇಲಾಖೆ ಇತ್ತು. ಅದರ ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರಾಲಿಯ ಕಾಲದಲ್ಲಿ ಈ ದನಗಳು ದಂಡಿನ ಕೆಲಸಕ್ಕೆ ಬಂದವು. ಫಿರಂಗಿ ಎಳೆದವು, ಸಾಮಾನು ಹೊತ್ತವು. ಟಿಪ್ಪು ಸುಲ್ತಾನ್ ಈ ಇಲಾಖೆಗೆ ಅಮೃತಮಹಲ್ ಅಂತ ಹೆಸರಿಟ್ಟ. ಆ ಹೆಸರೇ ದನಕ್ಕೂ ನಿಂತಿತು.

ಈ ದನಗಳಿಗಾಗಿ ಕಾವಲುಗಳನ್ನು ಬಿಟ್ಟಿದ್ದರು. ಕಾವಲು ಅಂದರೆ ಹುಲ್ಲುಗಾವಲು. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು. ದನಗಳು ಕಾಲಕ್ಕೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆದು ಹೋಗುತ್ತಿದ್ದವು. ನಮ್ಮ ಸುತ್ತಮುತ್ತ ಊರುಗಳ ಹೆಸರಿನಲ್ಲಿ ಇವತ್ತಿಗೂ ಕಾವಲು ಅನ್ನುವ ಮಾತು ಉಳಿದಿದೆ.

ಟಿಪ್ಪು 1799ರಲ್ಲಿ ಮಡಿದ. ಆಮೇಲೆ ಈ ಹಿಂಡು ಹಲವು ಕೈ ಬದಲಾಯಿಸಿತು. 1860ರಲ್ಲಿ ಇಂಗ್ಲಿಷರ ಸರ್ಕಾರ ಖರ್ಚು ಜಾಸ್ತಿ ಅಂತ ಹಿಂಡನ್ನು ಮಾರಿಬಿಟ್ಟಿತು. ಕೆಲವೇ ವರ್ಷಕ್ಕೆ ದಂಡಿಗೆ ಒಳ್ಳೆಯ ಎತ್ತು ಸಿಗದೆ ಹೋಯಿತು. ಮಾಡಿದ ತಪ್ಪು ತಿಳಿಯಿತು. 1866ರಲ್ಲಿ ಮತ್ತೆ ಹಿಂಡು ಕಟ್ಟಿದರು. ತಳಿ ಕಳೆಯೋದು ಸುಲಭ, ಮತ್ತೆ ಕಟ್ಟೋದು ಕಷ್ಟ. ಈ ಪಾಠ ಆಗಲೇ ಕಲಿತದ್ದು.

ಇನ್ನು ಒಂದು ಮುಖ್ಯ ಮಾತು. ಹಳೆಯ ಬರಹಗಳಲ್ಲಿ ಅಮೃತಮಹಲ್ ಹಿಂಡಿನೊಳಗೆ ಮೂರು ಬಗೆಯ ದನ ಇದ್ದವು ಅಂತ ಇದೆ. ಹಳ್ಳಿಕಾರ್, ಚಿತ್ರದುರ್ಗ, ಮತ್ತು ಹಾಗಲವಾಡಿ.

ಹಾಗಲವಾಡಿ! ನಮಗೆ ದೂರದ ಊರೇ? ಪಕ್ಕದ ಗುಬ್ಬಿ ತಾಲ್ಲೂಕಿನಲ್ಲಿದೆ. ಚಿಕ್ಕನಾಯಕನಹಳ್ಳಿಯನ್ನು ಆಳಿದವರೂ ಹಾಗಲವಾಡಿಯ ಪಾಳೆಯಗಾರರೇ. ಆ ಹೆಸರಿನ ದನ ಒಂದು ಕಾಲಕ್ಕೆ ಬೇರೆಯೇ ಬಗೆ ಅನ್ನಿಸಿಕೊಂಡಿತ್ತು. ಇವತ್ತು ದೇಶದ ತಳಿಗಳ ಪಟ್ಟಿಯಲ್ಲಿ ಹಳ್ಳಿಕಾರ್ ಇದೆ, ಅಮೃತಮಹಲ್ ಇದೆ. ಹಾಗಲವಾಡಿ ಅನ್ನುವ ಹೆಸರಿಲ್ಲ.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಕೊನೆಗೆ ಮತ್ತೆ ಇದಕ್ಕೇ ಬರೋಣ.

ಯಾವ ಮೂಳೆ ಏನು ಹೇಳುತ್ತದೆ?

ದನದ ಮೈಯಲ್ಲಿ ಇನ್ನೂರಕ್ಕೂ ಹೆಚ್ಚು ಮೂಳೆಗಳಿವೆ. ಎಲ್ಲ ಮೂಳೆಯೂ ಒಂದೇ ಮಾತು ಹೇಳುವುದಿಲ್ಲ.

ತಳಿ ತಿಳಿಯಬೇಕಾದರೆ ಮೊದಲು ತಲೆಬುರುಡೆ ನೋಡಬೇಕು. ಹಣೆ ಉಬ್ಬೋ ಚಪ್ಪಟೆಯೋ, ಮುಖ ನೀಳವೋ ಮೊಟಕೋ, ಅಲ್ಲಿ ಕಾಣುತ್ತದೆ. ಕೊಂಬಿನ ಒಳಗೆ ಗೂಟದಂತಹ ಒಂದು ಮೂಳೆ ಇರುತ್ತದೆ. ಮೇಲಿನ ಕೊಂಬು ಮಣ್ಣಿನಲ್ಲಿ ಕೊಳೆತು ಹೋಗುತ್ತದೆ. ಒಳಗಿನ ಗೂಟ ಉಳಿಯುತ್ತದೆ. ಅದು ಯಾವ ಕಡೆಗೆ ತಿರುಗಿದೆ, ಬುಡ ಎಷ್ಟು ದಪ್ಪ, ಎರಡು ಬುಡಗಳ ನಡುವೆ ಎಷ್ಟು ಅಂತರ ಅಂತ ಅಳೆಯುತ್ತಾರೆ. ಹಳ್ಳಿಕಾರ್ ದನಕ್ಕೆ ಕೊಂಬಿನ ಬುಡಗಳು ಒತ್ತಾಗಿ ಇರುತ್ತವೆ. ಸೀಮೆಹಸುವಿಗೆ ಕೊಂಬು ತಲೆಯ ಎರಡು ಪಕ್ಕಕ್ಕೆ ಹೊರಡುತ್ತದೆ. ಮೂಳೆಯಲ್ಲೂ ಈ ವ್ಯತ್ಯಾಸ ಹಾಗೇ ಇರುತ್ತದೆ.

ನಮ್ಮ ನಾಟಿ ದನಕ್ಕೆ ಹಿಣಿಲು ಇದೆ. ಸೀಮೆಹಸುವಿಗೆ ಇಲ್ಲ. ಹಿಣಿಲಿನಲ್ಲಿ ಮೂಳೆ ಇಲ್ಲ, ಬರೀ ಮಾಂಸ ಕೊಬ್ಬು. ಹಾಗಾದರೆ ಹಿಣಿಲು ಇತ್ತು ಅಂತ ಮೂಳೆಯಿಂದ ತಿಳಿಯುವುದು ಹೇಗೆ? ಅದಕ್ಕೂ ಗುರುತು ಇದೆ. ಹಿಣಿಲಿನ ಕೆಳಗೆ ಬೆನ್ನುಮೂಳೆಯಿಂದ ಮೇಲಕ್ಕೆ ಮುಳ್ಳಿನಂತೆ ಚಾಚಿದ ಮೂಳೆಗಳಿವೆ. ಹಿಣಿಲು ಇರುವ ದನದಲ್ಲಿ ಇವುಗಳಲ್ಲಿ ಕೆಲವು ಮುಳ್ಳುಗಳ ತುದಿ ಎರಡಾಗಿ ಸೀಳಿದಂತೆ ಇರುತ್ತದೆ.

ಎತ್ತರ ತಿಳಿಯಬೇಕಾದರೆ ಕಾಲಿನ ಮೂಳೆ ಬೇಕು. ಮುಂಗಾಲಿನ ಮಂಡಿಯಿಂದ ಕೆಳಗೆ, ಗೊರಸಿನ ಮೇಲಿನ ಗಿಣ್ಣಿನವರೆಗೆ ಒಂದು ಉದ್ದನೆಯ ಮೂಳೆ ಇದೆ. ನಾವು ಇದನ್ನು ನಳಿಗೆ ಮೂಳೆ ಅನ್ನೋಣ. ಇದು ಗಟ್ಟಿ ಮೂಳೆ. ಬೇಗ ಕೊಳೆಯುವುದಿಲ್ಲ. ಹಾಗಾಗಿ ಹಳೆಯ ಜಾಗಗಳಲ್ಲಿ ಇದು ಇಡಿಯಾಗಿ ಸಿಗುವುದು ಹೆಚ್ಚು.

ಇದನ್ನು ಗುರುತಿಸುವುದು ಸುಲಭ. ಕೆಳತುದಿ ನೋಡಿ. ಎರಡು ಉರುಳೆ ಅಕ್ಕಪಕ್ಕ ಜೋಡಿಸಿದಂತೆ ಇರುತ್ತದೆ. ಯಾಕೆ ಗೊತ್ತೇ? ದನದ್ದು ಸೀಳು ಗೊರಸು. ಎರಡು ಬೆರಳಿಗೆ ಎರಡು ಉರುಳೆ. ಕುದುರೆಯದು ಒಂಟಿ ಗೊರಸು. ಅದರ ಮೂಳೆಗೆ ಉರುಳೆಯೂ ಒಂದೇ.

ಅಳೆಯುವುದು ಹೇಗೆ?

ಲೇತ್ ಅಂಗಡಿಯಲ್ಲಿ ಕ್ಯಾಲಿಪರ್ ಅನ್ನುವ ಸಾಧನ ನೋಡಿರುತ್ತೀರಿ. ಎರಡು ದವಡೆ ಇರುತ್ತವೆ. ನಡುವೆ ವಸ್ತು ಇಟ್ಟು ಬಿಗಿ ಮಾಡಿದರೆ ಅಗಲ ಎಷ್ಟು ಅಂತ ತೋರಿಸುತ್ತದೆ. ಮೂಳೆ ಅಳೆಯುವವರೂ ಅದನ್ನೇ ಬಳಸುತ್ತಾರೆ. ಮಿಲಿಮೀಟರ್ ಲೆಕ್ಕದಲ್ಲಿ ಬರೆಯುತ್ತಾರೆ.

ಒಂದು ನಳಿಗೆ ಮೂಳೆಗೆ ಮುಖ್ಯವಾದ ಅಳತೆ ಇವು:

ಒಂದು, ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಪೂರ್ತಿ ಉದ್ದ.
ಎರಡು, ಮೇಲಿನ ತುದಿಯ ಅಗಲ.
ಮೂರು, ನಡುವೆ ತೀರ ಸಣ್ಣಗಿರುವ ಕಡೆ ಅಗಲ.
ನಾಲ್ಕು, ಕೆಳಗಿನ ತುದಿಯ ಅಗಲ.

ಎಲ್ಲಿ ಹಿಡಿದು ಅಳೆಯಬೇಕು ಅನ್ನುವುದು ಬಹಳ ಮುಖ್ಯ. ನೀವು ಒಂದು ಕಡೆ ಹಿಡಿದಿರಿ, ನಾವು ಇನ್ನೊಂದು ಕಡೆ ಹಿಡಿದೆವು. ಆಗ ಎರಡು ಲೆಕ್ಕವನ್ನು ಹೋಲಿಸಲು ಆಗುವುದಿಲ್ಲ. ಸೇರು ಬೇರೆ ಬೇರೆ ಇದ್ದರೆ ರಾಗಿ ಲೆಕ್ಕ ತಪ್ಪುವುದಿಲ್ಲವೇ? ಹಾಗೆ. ಇದಕ್ಕಾಗಿ ಜರ್ಮನಿಯ ಆಂಗೆಲಾ ಫಾನ್ ಡೆನ್ ಡ್ರೀಷ್ ಎಂಬ ವಿದ್ವಾಂಸೆ 1976ರಲ್ಲಿ ಒಂದು ಪುಸ್ತಕ ಹೊರತಂದರು. ಯಾವ ಮೂಳೆಯನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು ಅಂತ ಅದರಲ್ಲಿ ಚಿತ್ರ ಸಮೇತ ತೋರಿಸಿದರು. ಈಗ ಬೇರೆ ಬೇರೆ ದೇಶದವರು ಅದೇ ಕ್ರಮದಲ್ಲಿ ಅಳೆಯುತ್ತಾರೆ.

ಎಲ್ಲ ಮೂಳೆಯನ್ನೂ ಅಳೆಯುವ ಹಾಗಿಲ್ಲ. ಸುಟ್ಟ ಮೂಳೆ ಬೇಡ. ಬೆಂಕಿಗೆ ಮೂಳೆ ಕುಗ್ಗುತ್ತದೆ. ಕರುವಿನ ಮೂಳೆಯೂ ಬೇಡ. ಅದು ಇನ್ನೂ ಬೆಳೆಯುವ ಮೂಳೆ.

ಕರುವಿನದೋ ಬೆಳೆದ ದನದ್ದೋ ಅಂತ ತಿಳಿಯುವುದು ಹೇಗೆ? ದನದ ವಯಸ್ಸು ಹೇಳುವಾಗ ನಾವು ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಬಾಯಿಗೂಡಿದೆ ಅಂತೀವಿ. ಮೂಳೆಗೂ ಇಂಥದ್ದೇ ಲೆಕ್ಕ ಇದೆ. ಕರುವಿನ ಕಾಲು ಮೂಳೆಯಲ್ಲಿ ತುದಿ ಬೇರೆ, ನಡುಭಾಗ ಬೇರೆ ಇರುತ್ತದೆ. ನಡುವೆ ಎಳೆ ಮೂಳೆಯ ಪದರ. ಮೂಳೆ ಉದ್ದ ಬೆಳೆಯುವುದು ಅಲ್ಲಿಯೇ. ವಯಸ್ಸಿಗೆ ಬಂದ ಮೇಲೆ ತುದಿಯೂ ನಡುಭಾಗವೂ ಕೂಡಿಕೊಳ್ಳುತ್ತವೆ. ನಳಿಗೆ ಮೂಳೆಯ ಕೆಳತುದಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಕೂಡುತ್ತದೆ. ಆಮೇಲೆ ಅದು ಉದ್ದ ಬೆಳೆಯುವುದಿಲ್ಲ. ಬಾಯಿಗೂಡಿದ ಎತ್ತಿನ ಹಾಗೆ, ಇದು ತುದಿಗೂಡಿದ ಮೂಳೆ ಅನ್ನೋಣ. ಹೋಲಿಕೆಗೆ ಇಂಥ ಮೂಳೆಯೇ ಬೇಕು.

ಆರು ಪಟ್ಟು ಲೆಕ್ಕ

ಈಗ ಒಂದು ಸಣ್ಣ ಲೆಕ್ಕ ಮಾಡೋಣ.

ದನದ ಎತ್ತರಕ್ಕೂ ಮುಂಗಾಲಿನ ನಳಿಗೆ ಮೂಳೆಯ ಉದ್ದಕ್ಕೂ ಒಂದು ಸಂಬಂಧ ಇದೆ. ಮೂಳೆಯ ಉದ್ದಕ್ಕಿಂತ ದನದ ಎತ್ತರ ಸುಮಾರು ಆರು ಪಟ್ಟು. 1970ರಲ್ಲಿ ಹಂಗೇರಿ ದೇಶದ ಮಾತೊಲ್ಚಿ ಎಂಬ ವಿದ್ವಾಂಸರು ಇಂಥ ಲೆಕ್ಕವನ್ನು ಪ್ರಕಟಿಸಿದರು. ಗೊತ್ತಿರುವ ದನಗಳ ಎತ್ತರವನ್ನೂ ಮೂಳೆಯನ್ನೂ ಅಳೆದು ಹೋಲಿಸಿದರು. ಹಸುವಿಗೆ ಆರು ಪಟ್ಟು, ಗೂಳಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ.

ಒಂದು ಮೂಳೆ 20 ಸೆಂಟಿಮೀಟರ್ ಉದ್ದ ಇದೆ ಅಂದುಕೊಳ್ಳಿ. 20ನ್ನು 6ರಿಂದ ಗುಣಿಸಿ. 120 ಸೆಂಟಿಮೀಟರ್. ಅಂದರೆ ಹೆಚ್ಚು ಕಡಿಮೆ 4 ಅಡಿ. ನಮ್ಮ ಸೀಮೆಯ ಹಸುವಿನ ಎತ್ತರ ಅದರ ಆಸುಪಾಸಿನಲ್ಲೇ ಇರುತ್ತದೆ.

ಇನ್ನೊಂದು ಮೂಳೆ 15 ಸೆಂಟಿಮೀಟರ್ ಅಂದುಕೊಳ್ಳಿ. ಅದಕ್ಕೆ ಎಷ್ಟು? 90 ಸೆಂಟಿಮೀಟರ್. ಸುಮಾರು 3 ಅಡಿ. ಇಷ್ಟು ಗಿಡ್ಡ ದನ ಇದೆಯೇ? ಇದೆ. ಮಲೆನಾಡಿಗೆ ಹೋದರೆ ಮಲೆನಾಡು ಗಿಡ್ಡ ಅನ್ನುವ ತಳಿ ಕಾಣುತ್ತದೆ. ಅದರ ಎತ್ತರ ಸುಮಾರು 3 ಅಡಿಯೇ.

ಆದರೆ ಒಂದು ಎಚ್ಚರಿಕೆ ಬೇಕು. ಈ ಲೆಕ್ಕ ಬಂದದ್ದು ಯುರೋಪಿನ ದನಗಳಿಂದ. ನಮ್ಮ ದನಗಳದ್ದು ನೀಳ ಕಾಲು. ಆದ್ದರಿಂದ ಬಂದ ಉತ್ತರ ಅಂದಾಜು ಮಾತ್ರ. ಕರಾರುವಾಕ್ಕಾಗಿ ಹೇಳಬೇಕಾದರೆ ನಮ್ಮ ತಳಿಗಳನ್ನೇ ಅಳೆದು ನಮ್ಮದೇ ಲೆಕ್ಕ ಮಾಡಬೇಕು.

ಕುರಿಗೂ ಹೀಗೇ ಲೆಕ್ಕ ಇದೆ. ಆದರೆ ಅದಕ್ಕೆ ಆರು ಪಟ್ಟು ಅಲ್ಲ, ಐದು ಪಟ್ಟಿಗೆ ಸ್ವಲ್ಪ ಕಡಿಮೆ. ಬನ್ನೂರು ಕುರಿ ನೋಡಿದ್ದೀರಾ? ಕಾಲು ಗಿಡ್ಡ, ಮೈ ತುಂಬು. ಉದ್ದ ಕಾಲಿನ ಕುರಿಯ ಮೂಳೆ ಪಕ್ಕ ಅದರ ಮೂಳೆ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ.

ತಳಿಯೋ, ಮೇವೋ?

ಇಲ್ಲಿ ಒಂದು ತೊಡಕು ಇದೆ. ತೆಂಗಿನಕಾಯಿಯ ಉದಾಹರಣೆ ತೆಗೆದುಕೊಳ್ಳೋಣ.

ಒಂದು ಕಾಯಿ ಸಣ್ಣದಾಗಿದೆ. ಯಾಕೆ? ಮರದ ತಳಿಯೇ ಸಣ್ಣ ಕಾಯಿಯದು ಇರಬಹುದು. ಇಲ್ಲವೇ ಮಳೆ ಬಾರದೆ, ನೀರು ಸಾಲದೆ ಕಾಯಿ ಸಣ್ಣದಾಗಿರಬಹುದು. ಒಂದು ಕಾಯಿ ನೋಡಿ ಹೇಳಲು ಆಗದು. ಹತ್ತು ಮರದ ಕಾಯಿ ನೋಡಬೇಕು. ಬರ ಬಂದ ವರ್ಷದ್ದೂ ಬೇಕು, ಮಳೆ ಬಂದ ವರ್ಷದ್ದೂ ಬೇಕು.

ಮೂಳೆಯೂ ಹಾಗೆಯೇ. ಮೇವಿಲ್ಲದೆ ಬೆಳೆದ ದನದ ಮೂಳೆ ಸಣ್ಣದಾಗಿರುತ್ತದೆ. ಆದ್ದರಿಂದ ಮೂಳೆ ಬಲ್ಲವರು ಬರೀ ಉದ್ದ ನೋಡುವುದಿಲ್ಲ. ರೂಪವನ್ನೂ ನೋಡುತ್ತಾರೆ. ಉದ್ದಕ್ಕೆ ತಕ್ಕ ಅಗಲ ಎಷ್ಟು ಅಂತ ಲೆಕ್ಕ ಹಾಕುತ್ತಾರೆ.

ಎರಡು ಮೂಳೆ ಇವೆ ಅಂದುಕೊಳ್ಳಿ. ಎರಡೂ 20 ಸೆಂಟಿಮೀಟರ್ ಉದ್ದ. ಒಂದರ ನಡು 3 ಸೆಂಟಿಮೀಟರ್ ಅಗಲ. ಇನ್ನೊಂದರದ್ದು 4 ಸೆಂಟಿಮೀಟರ್. ಮೊದಲನೆಯದು ನೂರಕ್ಕೆ 15, ಎರಡನೆಯದು ನೂರಕ್ಕೆ 20. ಎತ್ತರ ಒಂದೇ. ಆದರೆ ಮೊದಲನೆಯದು ಸಪೂರ ಕಾಲಿನ ದನ. ಎರಡನೆಯದು ದಪ್ಪ ಕಾಲಿನ ದನ. ಓಟದ ನಡಿಗೆಯ ದನಕ್ಕೂ ಭಾರದ ಮೈಯ ದನಕ್ಕೂ ಇರುವ ವ್ಯತ್ಯಾಸ ಹೀಗೆ ಅಂಕಿಯಲ್ಲಿ ಕಾಣುತ್ತದೆ.

ಇನ್ನೊಂದು ತೊಡಕು. ಒಂದೇ ತಳಿಯಲ್ಲೂ ಹಸು, ಗೂಳಿ, ಎತ್ತು ಬೇರೆ ಬೇರೆ. ಗೂಳಿಯ ಮೂಳೆ ದಪ್ಪ. ಹಸುವಿನದು ಸಪೂರ. ಎತ್ತಿನದು? ಚಿಕ್ಕಂದಿನಲ್ಲಿ ಬೀಜ ಒಡೆಸಿದರೆ ಮೂಳೆಯ ತುದಿ ತಡವಾಗಿ ಕೂಡುತ್ತದೆ. ಕೂಡುವ ತನಕ ಮೂಳೆ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಎತ್ತಿನ ಕಾಲು ಗೂಳಿಯ ಕಾಲಿಗಿಂತ ಉದ್ದ. ಇದು ತಿಳಿಯದೆ ಅಳೆದರೆ, ಒಂದೇ ತಳಿಯ ಗೂಳಿ ಮತ್ತು ಎತ್ತನ್ನು ಎರಡು ತಳಿ ಅಂತ ಬರೆದುಬಿಡಬಹುದು!

ದುಡಿಮೆಯೂ ಮೂಳೆಯಲ್ಲಿ ಗುರುತು ಬಿಡುತ್ತದೆ. ವರ್ಷಗಟ್ಟಲೆ ನೇಗಿಲು ಗಾಡಿ ಎಳೆದ ಎತ್ತಿನ ಗೊರಸಿನ ಹತ್ತಿರದ ಮೂಳೆಗಳು ಅಗಲವಾಗುತ್ತವೆ. ಅಂಚಿನಲ್ಲಿ ಹೊಸ ಮೂಳೆ ಬೆಳೆದು ಉಬ್ಬುತ್ತದೆ. ರುಮೇನಿಯಾ ದೇಶದಲ್ಲಿ ಗಾಡಿ ಎಳೆದ ಎತ್ತುಗಳ ಕಾಲುಗಳನ್ನು ಹೀಗೆ ಪರೀಕ್ಷೆ ಮಾಡಿದರು. ಆ ಕೆಲಸ 1997ರಲ್ಲಿ ಪುಸ್ತಕವಾಗಿ ಬಂತು. ಎತ್ತು ಬಾಯಿಬಿಟ್ಟು ಹೇಳದ ಕಷ್ಟವನ್ನು ಅದರ ಮೂಳೆ ಹೇಳಿತು.

ಕರ್ನಾಟಕದ ಹಳೆಯ ಮೂಳೆಗಳು

ನಮ್ಮ ನಾಡಿನಲ್ಲಿ ದನ ಸಾಕಿದ ಚರಿತ್ರೆ ಬಹಳ ಹಳೆಯದು. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆ ಬೂದಿ ದಿಬ್ಬಗಳಿವೆ. ನೋಡಿದರೆ ಸಣ್ಣ ಗುಡ್ಡದ ಹಾಗೆ. ಅದು ಏನು ಬೂದಿ? ಸಗಣಿ ಸುಟ್ಟ ಬೂದಿ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಜನ ಅಲ್ಲಿ ದನದ ದೊಡ್ಡಿ ಕಟ್ಟಿದ್ದರು. ರಾಶಿ ಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟರು. ಅದೇ ದಿಬ್ಬವಾಗಿ ಬೆಳೆಯಿತು.

ಸುರಪುರದ ಹತ್ತಿರ ಬೂದಿಹಾಳ ಎಂಬ ಊರಿದೆ. ಅಲ್ಲಿಯ ಬೂದಿ ದಿಬ್ಬವನ್ನು ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ 1990ರ ದಶಕದಲ್ಲಿ ಅಗೆದು ನೋಡಿದರು. ದನದ ದೊಡ್ಡಿ ಸಿಕ್ಕಿತು. ಜನ ಇದ್ದ ಮನೆಗಳ ಗುರುತು ಸಿಕ್ಕಿತು. ಪ್ರಾಣಿಗಳನ್ನು ಕಡಿದು ಪಾಲು ಮಾಡುತ್ತಿದ್ದ ಒಂದು ನೆಲವೂ ಸಿಕ್ಕಿತು. ಮೂಳೆಗಳಲ್ಲಿ ದನದ ಮೂಳೆಯೇ ಹೆಚ್ಚು.

ತುಂಗಭದ್ರಾ ನದಿಯ ದಡದಲ್ಲಿ ಹಳ್ಳೂರು ಇದೆ, ಹಾವೇರಿ ಜಿಲ್ಲೆಯಲ್ಲಿ. ಅಲ್ಲಿ 1965ರಲ್ಲಿ ಎಂ. ಎಸ್. ನಾಗರಾಜ ರಾವ್ ಅಗೆತ ನಡೆಸಿದರು. ಸಿಕ್ಕ ಮೂಳೆಗಳನ್ನು ಪರೀಕ್ಷಿಸಿದವರು ಡಾ. ಕೆ. ಆರ್. ಆಲೂರ. ಅವರು ಯಾರು ಗೊತ್ತೇ? ಪಶುವೈದ್ಯರು. ಬದುಕಿರುವ ದನಕ್ಕೆ ಔಷಧಿ ಕೊಡುವ ವಿದ್ಯೆ ಕಲಿತವರು. ಆ ತಿಳಿವನ್ನೇ ಸಾವಿರಾರು ವರ್ಷದ ಮೂಳೆಗೂ ಬಳಸಿದರು. ಕರ್ನಾಟಕದ ಹಲವು ಜಾಗಗಳ ಮೂಳೆಗಳನ್ನು ಓದಿದರು.

ಇದರಿಂದ ನಮಗೆ ಒಂದು ಮಾತು ತಿಳಿಯುತ್ತದೆ. ಹಳೆಯ ಮೂಳೆಯನ್ನು ಓದಬೇಕಾದರೆ ಇವತ್ತಿನ ದನವನ್ನು ಬಲ್ಲವರು ಬೇಕು.

ಹೆಸರಿಲ್ಲದ ಮೂಳೆ ಮೂಕ

ಈಗ ಮೊದಲ ಪ್ರಶ್ನೆಗೆ ಬರೋಣ. ಮೂಳೆ ಅಳೆದು ಏನು ಮಾಡೋದು?

ಕೆರೆಯಲ್ಲಿ ಸಿಕ್ಕ ಮೂಳೆ ನೆನಪಿದೆಯಲ್ಲ. ಅದು ಯಾವ ತಳಿಯದು ಅಂತ ಹೇಳಬೇಕಾದರೆ ಅದನ್ನು ಯಾವುದಕ್ಕಾದರೂ ಹೋಲಿಸಬೇಕು. ಇದು ಹಳ್ಳಿಕಾರ್ ಹಸು, ಇಷ್ಟು ವರ್ಷ, ಇಂಥ ಊರಿನದು, ಎತ್ತರ ಇಷ್ಟು, ಮೂಳೆ ಇಷ್ಟು ಅಂತ ಯಾರಾದರೂ ಬರೆದಿಟ್ಟಿರಬೇಕು. ಅಂಥ ಹತ್ತಾರು ದನದ ಲೆಕ್ಕ ಇದ್ದರೆ ಸಿಕ್ಕ ಮೂಳೆ ಮಾತಾಡುತ್ತದೆ. ಲೆಕ್ಕ ಇಲ್ಲದಿದ್ದರೆ ಅದು ಮೂಕ.

ಹಾಗಲವಾಡಿ ದನದ ಕತೆ ಇದೇ. ಅದನ್ನು ಬೇರೆ ಬಗೆ ಅಂತ ಗುರುತಿಸಿದ ಕಣ್ಣುಗಳಿದ್ದವು. ಕೊಂಬಿನ ತಿರುವಿನಲ್ಲೋ ಕಾಲಿನ ಕಟ್ಟಿನಲ್ಲೋ ಅವರು ಏನೋ ಕಂಡಿದ್ದರು. ಆ ಜನ ಹೋದರು. ಅವರ ಕಣ್ಣಿನ ಲೆಕ್ಕವೂ ಹೋಯಿತು. ದನ ಬೇರೆ ದನದ ಜೊತೆ ಬೆರೆತುಹೋಯಿತು. ಹೆಸರೂ ಅಳಿಸಿತು.

ಹಳ್ಳಿಕಾರ್, ಅಮೃತಮಹಲ್ ದನಗಳಿಗೂ ಇಂಥ ದಿನ ಬರಬಾರದು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಡಿಮೆಯಾದವು. ಹಾಲಿನ ಡೇರಿಗೆ ಹಾಕಲು ಸೀಮೆಹಸು ಕಟ್ಟಿದೆವು. ಅದು ತಪ್ಪಲ್ಲ. ಸಂಸಾರ ನಡೀಬೇಕಲ್ಲ. ಕಾವಲುಗಳೂ ಬೇರೆ ಬೇರೆ ಕೆಲಸಕ್ಕೆ ಹೋದವು. ಸರ್ಕಾರ ಈ ತಳಿಗಳನ್ನು ಉಳಿಸಲು ಕೇಂದ್ರಗಳನ್ನು ಮಾಡಿದೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಇದೆ. ತಿಪಟೂರು ತಾಲ್ಲೂಕಿನ ಕೋನೇಹಳ್ಳಿಯಲ್ಲೂ ಅಮೃತಮಹಲ್ ಕೇಂದ್ರ ಇದೆ. ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಹಳ್ಳಿಕಾರ್ ಕೇಂದ್ರ ಇದೆ. ಆದರೆ ಕೇಂದ್ರದ ದನ ಬೇರೆ, ನಮ್ಮ ಕೊಟ್ಟಿಗೆಯ ದನ ಬೇರೆ. ಕೊಟ್ಟಿಗೆಯ ದನದ ಲೆಕ್ಕ ಇಡಬೇಕಾದವರು ನಾವೇ.

ನಾವು ಏನು ಮಾಡಬಹುದು?

ಮೂಳೆ ಅಳೆಯಲು ದನ ಸಾಯುವ ತನಕ ಕಾಯಬೇಕಿಲ್ಲ. ಬದುಕಿರುವ ದನವನ್ನೇ ಅಳೆಯೋಣ.

ದನವನ್ನು ಸಮ ನೆಲದ ಮೇಲೆ ನಿಲ್ಲಿಸಿ. ಅದು ಪಳಗಿದವರೇ ಹಗ್ಗ ಹಿಡಿಯಲಿ. ಒಂದು ನೆಟ್ಟಗಿನ ಕೋಲಿಗೆ ಅಳತೆಪಟ್ಟಿ ಕಟ್ಟಿ. ಹಿಣಿಲಿನ ಹಿಂದುಗಡೆ ನೆಲದಿಂದ ಬೆನ್ನಿನವರೆಗೆ ಎತ್ತರ ನೋಡಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ನೋಡಿ. ಮುಂಗಾಲಿನ ಮಂಡಿಯಿಂದ ಗಿಣ್ಣಿನವರೆಗೆ ಉದ್ದ ನೋಡಿ. ಕೊಂಬಿನ ಬುಡದ ಸುತ್ತಳತೆ ನೋಡಿ. ಎರಡು ಸಲ ಅಳೆಯಿರಿ. ಎರಡೂ ಸಲ ಒಂದೇ ಅಂಕಿ ಬಂದರೆ ಸರಿ. ಇಲ್ಲದಿದ್ದರೆ ಮೂರನೇ ಸಲ ಅಳೆಯಿರಿ.

ಆಮೇಲೆ ಪುಸ್ತಕದಲ್ಲಿ ಹೀಗೆ ಬರೆಯಿರಿ:

ದಿನಾಂಕ:
ಊರು:
ತಳಿ:
ಹಸು, ಗೂಳಿ ಅಥವಾ ಎತ್ತು:
ಹಲ್ಲು ಎಷ್ಟು:
ಎತ್ತರ:
ಎದೆ ಸುತ್ತಳತೆ:
ಮುಂಗಾಲಿನ ನಳಿಗೆ ಉದ್ದ:
ಕೊಂಬಿನ ಬುಡ:
ತಾಯಿ ಯಾರ ಮನೆಯ ದನ:

ಇಷ್ಟು ಬರೆಯಲು ದೊಡ್ಡ ಓದು ಬೇಕಿಲ್ಲ. ಅಕ್ಷರ ಬಂದರೆ ಸಾಕು. ಅಂಕಿ, ಕೂಡುವುದು, ಗುಣಿಸುವುದು ಬಂದರೆ ಸಾಕು. ಅದು ಈಗ ನಿಮಗೆ ಬರುತ್ತದೆ. ಮನೆಯ ಹೆಣ್ಣುಮಕ್ಕಳೂ ಈ ಪುಸ್ತಕ ಇಡಬೇಕು. ಹೊತ್ತು ಹೊತ್ತಿಗೆ ದನಕ್ಕೆ ಹುಲ್ಲು ನೀರು ನೋಡುವವರು ಅವರೇ ಅಲ್ಲವೇ? ನಿಮ್ಮೂರಿನ ಪಶುವೈದ್ಯರಿಗೆ ಈ ಲೆಕ್ಕ ತೋರಿಸಿ.

ಎಚ್ಚರ!

ಮೂಳೆ ಅಂದ ಕೂಡಲೇ ಕೈ ಹಾಕಬೇಡಿ.

ದನ ದಿಢೀರನೆ ಸತ್ತಿದ್ದರೆ, ಮೂಗು ಬಾಯಿಯಿಂದ ಕಪ್ಪು ರಕ್ತ ಬಂದಿದ್ದರೆ ಮುಟ್ಟಲೇಬೇಡಿ. ಅದು ನೆರಡಿ ರೋಗ ಇರಬಹುದು. ಇದನ್ನು ಆಂಥ್ರಾಕ್ಸ್ ಅಂತಲೂ ಕರೀತಾರೆ. ಇದು ಮನುಷ್ಯರಿಗೂ ಹರಡುತ್ತದೆ. ಅಂಥ ದನವನ್ನು ಕುಯ್ಯಬಾರದು, ಚರ್ಮ ಸುಲಿಯಬಾರದು. ಪಶುವೈದ್ಯರಿಗೆ ತಿಳಿಸಿ. ಅವರು ಹೇಳಿದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಈ ರೋಗದ ಬೀಜ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತದೆ. ಹೂತ ಜಾಗವನ್ನು ಮತ್ತೆ ಅಗೆಯಬಾರದು.

ಕೆರೆಯಲ್ಲೋ ಹೊಲದಲ್ಲೋ ಮೂಳೆಯ ಜೊತೆ ಹಳೆಯ ಮಡಕೆ ಚೂರು, ನಯ ಮಾಡಿದ ಕಲ್ಲಿನ ಕೊಡಲಿ ಸಿಕ್ಕರೆ ಅಗೆಯುವುದನ್ನು ನಿಲ್ಲಿಸಿ. ಸಿಕ್ಕದ್ದನ್ನು ಎಲ್ಲಿತ್ತೋ ಅಲ್ಲೇ ಬಿಡಿ. ಗ್ರಾಮ ಪಂಚಾಯಿತಿಗೆ ತಿಳಿಸಿ. ಅವರು ಪುರಾತತ್ವ ಇಲಾಖೆಗೆ ಹೇಳುತ್ತಾರೆ. ಜಾಗ ತಪ್ಪಿದ ಮೂಳೆಯ ಬೆಲೆ ಅರ್ಧ ಹೋದ ಹಾಗೆಯೇ.

ಕೊನೆಯ ಮಾತು

ನಮ್ಮ ಅಜ್ಜಂದಿರು ದನ ಸಾಕಿದರು, ಬರೆದಿಡಲು ಅಕ್ಷರ ಇರಲಿಲ್ಲ. ನಮಗೆ ಅಕ್ಷರ ಬಂದಿದೆ, ದನ ಕಡಿಮೆಯಾಗುತ್ತಿವೆ. ಎರಡೂ ಇರುವ ಕಾಲ ಇದೊಂದೇ. ಇವತ್ತು ಸಂಜೆ ದನ ಕಟ್ಟುವಾಗ ಅಳತೆಪಟ್ಟಿ ತೆಗೆದುಕೊಂಡು ಹೋಗೋಣ. ಒಂದು ಹಸುವಿನ ಲೆಕ್ಕ ಬರೆಯೋಣ.

ಯೋಚಿಸಿ, ಉತ್ತರ ಬರೆಯಿರಿ

1. ಅಮೃತಮಹಲ್ ಹಿಂಡಿನಲ್ಲಿದ್ದ ಮ‌ೂರು ಬಗೆಯ ದನಗಳು ಯಾವುವು?
2. ನಳಿಗೆ ಮೂಳೆ 19 ಸೆಂಟಿಮೀಟರ್ ಇದ್ದರೆ ದನದ ಎತ್ತರ ಅಂದಾಜು ಎಷ್ಟು?
3. ಎತ್ತಿನ ಕಾಲು ಗೂಳಿಯ ಕಾಲಿಗಿಂತ ಉದ್ದ ಯಾಕೆ?
4. ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಒಂದು ದನವನ್ನು ಅಳೆದು ಮೇಲಿನ ಪಟ್ಟಿ ತುಂಬಿಸಿ.
5. ನಿಮ್ಮೂರಿನಲ್ಲಿ ಹಿಂದೆ ಇದ್ದು ಈಗ ಇಲ್ಲದ ದನ, ಕುರಿ, ಕೋಳಿಯ ಬಗೆ ಯಾವುದಾದರೂ ಇದೆಯೇ? ಹಿರಿಯರನ್ನು ಕೇಳಿ ಬರೆಯಿರಿ.